ಮಳೆಯ ಬೆನ್ನು ಹಿಡಿದ ಚಿಟ್ಟೆಗಳು



ಇವತ್ತು ಚಿಟ್ಟೆ ನೋಡುವ ವಿಚಾರ. ನೋಡುವ ಜಾಗ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು. ಮೈಸೂರಿನಿಂದ ಹೊರಟು, ಚಾಮರಾಜನಗರ ಮತ್ತು ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲದ ಮೇಲೆ ಹೋದರೆ ಕೊಯಮತ್ತೂರಿಗೆ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಅಲ್ಲಿಯೇ. ಭಾಷೆಯ ಚಿಂತೆ ಬೇಡ. ಮೇಟ್ಟುಪಾಳಯದ ಪಕ್ಕದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ದೇವಾಂಗದವರ ಮನೆಮಾತು ಕನ್ನಡ. ಬೀದಿಯಲ್ಲಿ ತಮಿಳು, ಮಗ್ಗದ ಗುಂಡಿಯಲ್ಲಿ ಕನ್ನಡ.

ನಾನು ನೌಕರಿಯ ಕಾರಣಕ್ಕೆ ಆ ಕಡೆ ಕೆಲವು ವರ್ಷ ಇದ್ದವನು. ಚಿಟ್ಟೆ ನೋಡುವ ಹುಚ್ಚು ಹತ್ತಿದ್ದೂ ಅಲ್ಲಿಯೇ. ಹತ್ತಿದ ಮೇಲೆ ಒಂದು ಸಂಗತಿ ನಿಧಾನವಾಗಿ ಗೊತ್ತಾಯಿತು. ಚಿಟ್ಟೆ ಯಾವಾಗ ಬರುತ್ತದೆ ಎಂದು ತಿಳಿಯಲು ನಾವು ನೋಡಬೇಕಾದದ್ದು ಹೂವನ್ನಲ್ಲ, ಬಿಸಿಲನ್ನೂ ಅಲ್ಲ. ಮಳೆಯನ್ನು. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಯುಗಾದಿ ಬಂತೆಂದರೆ ವಸಂತ. ವಸಂತವೆಂದರೆ ಚಿಗುರು, ಹೂವು, ಹೂವಿನ ಮೇಲೆ ಚಿಟ್ಟೆ. ನಮ್ಮ ಮನಸ್ಸಿನಲ್ಲಿ ಈ ಚಿತ್ರ ಗಟ್ಟಿಯಾಗಿ ಕೂತಿದೆ. ಇದರಲ್ಲಿ ಅರ್ಧ ನಮ್ಮ ಕಾವ್ಯದಿಂದ ಬಂದದ್ದು. ಇನ್ನರ್ಧ ಇಂಗ್ಲಿಷ್ ಪಠ್ಯಪುಸ್ತಕದಿಂದ. ಇಂಗ್ಲೆಂಡಿನಲ್ಲಾದರೆ ಈ ಚಿತ್ರ ಸರಿಯೇ. ಅಲ್ಲಿನ ಹಳ್ಳಿಗಾಡಿನಲ್ಲಿ ಚಳಿಗಾಲ ಪೂರ್ತಿ ಚಿಟ್ಟೆ ಹಾರುವುದು ಅಪರೂಪ. ಕೆಲವು ಜಾತಿ ಮೊಟ್ಟೆಯಾಗಿ, ಕೆಲವು ಹುಳುವಾಗಿ, ಕೆಲವು ಕೋಶವಾಗಿ ಚಳಿ ಕಳೆಯುತ್ತವೆ. ಬ್ರಿಮ್‌ಸ್ಟೋನ್ ಎಂಬ ಹಳದಿ ಚಿಟ್ಟೆಯಂಥ ಕೆಲವು ಮಾತ್ರ ರೆಕ್ಕೆ ಬಂದ ಮೇಲೆಯೇ ಎಲೆಗಳ ಮರೆಯಲ್ಲಿ ಮಲಗಿರುತ್ತವೆ. ಫೆಬ್ರವರಿ ಮಾರ್ಚ್‌ನಲ್ಲಿ ಒಂದು ದಿನ ಬಿಸಿಲು ಸ್ವಲ್ಪ ಕಾದರೆ ಸಾಕು, ಎದ್ದು ಬರುತ್ತವೆ. ಏಪ್ರಿಲ್‌ನಲ್ಲಿ ಬಿಳಿ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ ಹಚ್ಚಿಕೊಂಡ ಆರೆಂಜ್ ಟಿಪ್ ಬರುತ್ತದೆ. ಅದು ಬಂದರೆ ವಸಂತ ಬಂತೆಂದೇ ಲೆಕ್ಕ.

ಅಲ್ಲಿ ಚಿಟ್ಟೆ ಎಣಿಸುವವರಿಗೆ ಒಂದು ನಿಯಮವಿದೆ. ಹವೆ 13 ಡಿಗ್ರಿಗಿಂತ ತಣ್ಣಗಿದ್ದರೆ ಎಣಿಸಲು ಹೋಗಬೇಡಿ. 13ರಿಂದ 17ರ ನಡುವೆ ಇದ್ದರೆ ಬಿಸಿಲಿರಬೇಕು. 17 ದಾಟಿದರೆ ಮೋಡವಿದ್ದರೂ ಆಗಬಹುದು. ಕೊಯಮತ್ತೂರಿನವರು ಇದನ್ನು ಕೇಳಿದರೆ ನಗುತ್ತಾರೆ. ಅಲ್ಲಿ ಮಾಗಿಯ ಬೆಳಗಿನ ಜಾವದಲ್ಲೂ ಹವೆ 17ಕ್ಕೆ ಇಳಿದರೆ ಜನ ಮಂಕಿ ಟೋಪಿ ಹಾಕಿಕೊಳ್ಳುತ್ತಾರೆ. ಏಪ್ರಿಲ್ ಮಧ್ಯಾಹ್ನ 37, 38 ಡಿಗ್ರಿ. ಆ ಹೊತ್ತಿನಲ್ಲಿ ಚಿಟ್ಟೆಗಳೂ ನಮ್ಮಂತೆಯೇ ನೆರಳು ಹುಡುಕಿ ಸುಮ್ಮನೆ ಕೂರುತ್ತವೆ.

ಅಂದರೆ ಇಂಗ್ಲೆಂಡಿನಲ್ಲಿ ಚಿಟ್ಟೆಯನ್ನು ತಡೆಯುವುದು ಚಳಿ. ಚಳಿ ಸರಿದರೆ ಚಿಟ್ಟೆ. ಕೊಯಮತ್ತೂರಿನಲ್ಲಿ ತಡೆಯುವುದು ಒಣಗು. ಇದು ಹೇಗೆ ಎಂಬುದನ್ನು ಈಗ ನೋಡೋಣ.

ಚಿಟ್ಟೆ ಹೂವಿನ ರಸ ಕುಡಿಯುತ್ತದೆ, ನಿಜ. ಆದರೆ ಅದರ ಬಾಳಿನಲ್ಲಿ ಹೊಟ್ಟೆ ತುಂಬ ತಿನ್ನುವ ಕಾಲ ಹುಳುವಿನ ಕಾಲ. ಹುಳುವಿಗೆ ಬೇಕಾದದ್ದು ಎಲೆ. ಅದೂ ಯಾವ ಎಲೆಯೋ ಆಗುವುದಿಲ್ಲ. ಒಂದೊಂದು ಜಾತಿಗೆ ಒಂದೊಂದು ಗಿಡ. ಪ್ಲೇನ್ ಟೈಗರ್‌ಗೆ ಎಕ್ಕದ ಗಿಡ. ಹಳದಿ ಎಮಿಗ್ರಂಟ್‌ಗೆ ಕಕ್ಕೆ, ತಂಗಡಿ. ಕಾಮನ್ ಮಾರ್ಮನ್‌ಗೆ ಕರಿಬೇವು, ನಿಂಬೆ. ಮೊಟ್ಟೆಯಿಂದ ಹೊರಬಂದ ಹುಳುವಿಗೆ ಬಲಿತ ಎಲೆ ಕಡಿಯಲು ಬಾರದು. ಎಳೆಯ ಚಿಗುರೇ ಆಗಬೇಕು. ಒಣನೆಲದ ಗಿಡ ಚಿಗುರುವುದು ಮಳೆ ಬಿದ್ದ ಮೇಲೆ. ಮಳೆ, ಮಳೆಯಿಂದ ಚಿಗುರು, ಚಿಗುರಿನ ಮೇಲೆ ಮೊಟ್ಟೆ, ಮೊಟ್ಟೆಯಿಂದ ಹುಳು, ಹುಳುವಿನಿಂದ ಕೋಶ, ಕೋಶದಿಂದ ಚಿಟ್ಟೆ. ಎಲ್ಲ ಸೇರಿ ಸುಮಾರು ಒಂದು ತಿಂಗಳ ಲೆಕ್ಕ.

ಹಾಗಾಗಿ ಅಶ್ವಿನಿ ಮಳೆ ಸುರಿದ ಮಾರನೇ ದಿನವೇ ಕಣ್ತುಂಬ ಚಿಟ್ಟೆ ಸಿಗುತ್ತದೆಂದು ಹೊರಟರೆ ನಿರಾಸೆ. ಪಂಚಾಂಗದಲ್ಲಿ ಮಳೆ ನಕ್ಷತ್ರ ನೋಡಿಕೊಳ್ಳಿ. ಅಶ್ವಿನಿ ಏಪ್ರಿಲ್ ಮಧ್ಯದಿಂದ. ಭರಣಿ ಏಪ್ರಿಲ್ ಕೊನೆಯಿಂದ. ಕೃತ್ತಿಕೆ, ರೋಹಿಣಿ ಮೇ ತಿಂಗಳಲ್ಲಿ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ನಮ್ಮ ರೈತರು. ಆ ಬೆಳೆಯಲ್ಲಿ ಚಿಟ್ಟೆಯನ್ನೂ ಸೇರಿಸಿಕೊಳ್ಳಬಹುದು. ಭರಣಿ ಚೆನ್ನಾಗಿ ಹೊಯ್ದರೆ, ಮೇ ಕೊನೆಯ ಹೊತ್ತಿಗೆ ಬೇಲಿ ಬೇಲಿಯಲ್ಲೂ ಹೊಸ ರೆಕ್ಕೆ.

ಇನ್ನೊಂದು ಮಾತು. ಆ ಸೀಮೆಗೆ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಕೊಯಮತ್ತೂರು, ತಿರುಪ್ಪೂರು ಎರಡೂ ಬೆಟ್ಟಗಳ ಮಳೆ ನೆರಳಿನ ಊರುಗಳು. ವರ್ಷಕ್ಕೆ ಸುಮಾರು 600, 700 ಮಿಲಿಮೀಟರ್. ಬೇಸಿಗೆಯಲ್ಲಿ ಗುಡುಗಿನ ಮಳೆ ಒಂದಷ್ಟು. ದೊಡ್ಡ ಪಾಲು ಅಕ್ಟೋಬರ್, ನವೆಂಬರ್‌ನ ಹಿಂಗಾರಿನದು. ನಡುವೆ ಜೂನ್‌ನಿಂದ ಆಗಸ್ಟ್‌ವರೆಗೆ ಪಾಲಕ್ಕಾಡು ಕಣಿವೆಯಿಂದ ಗಾಳಿ ನುಗ್ಗುತ್ತದೆ. ಬೆಟ್ಟದ ಸಾಲಿನಲ್ಲಿ ಅಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ಬಾಗಿಲು ತೆರೆದಿದೆ. ಉಡುಮಲೈ, ಪಲ್ಲಡಂ ಕಡೆಯ ಸಾವಿರಾರು ಗಾಳಿಯಂತ್ರ ತಿರುಗುವುದು ಆ ಗಾಳಿಗೆ. ಮಳೆ ಎರಡು ಸಲ ಬಂದರೆ ಚಿಗುರು ಎರಡು ಸಲ. ನಿಮಗೆ ವಸಂತವೂ ಎರಡು ಸಲ ಸಿಕ್ಕಂತಾಯಿತು.

ಇಷ್ಟು ಹೊತ್ತು ಹೇಳಿದ್ದು ಇದು. ಇಂಗ್ಲೆಂಡಿನಲ್ಲಿ ಬಿಸಿಲು ಚಿಟ್ಟೆಯನ್ನು ಎಬ್ಬಿಸುತ್ತದೆ. ಕೊಯಮತ್ತೂರಿನಲ್ಲಿ ಮಳೆ ಎಬ್ಬಿಸುತ್ತದೆ. ಈಗ ಜಾಗಗಳಿಗೆ ಹೋಗೋಣ. ಮೊದಲು ತಿರುಪ್ಪೂರು ಜಿಲ್ಲೆಯ ಒಣನೆಲ.

ತಿರುಪ್ಪೂರು ಎಂದರೆ ಬನಿಯನ್ನು ಹೊಲಿಯುವ ಊರೆಂದು ಎಲ್ಲರಿಗೂ ಗೊತ್ತು. 2009ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾಯಿತು. ಊರಿನಾಚೆ ಕಾಂಗೇಯಂ, ಧಾರಾಪುರದ ಕಡೆ ಹೋಗಿ. ಅಲ್ಲಿ ಕೊರಂಗಾಡು ಎಂಬ ಹುಲ್ಲುಗಾವಲುಗಳಿವೆ. ಕಾಂಗೇಯಂ ಎತ್ತು ಮೇಯುವ ಖಾಸಗಿ ಕಾವಲುಗಳು ಅವು. ಎಲೆ ಉದುರಿಸಿ ನಿಂತ ಮುಳ್ಳಿನ ಕಿಳುವೈ ಬೇಲಿ ಸುತ್ತಲೂ ಇರುತ್ತದೆ. ಒಳಗೆ ಹುಲ್ಲು. ಹುಲ್ಲಿನ ನಡುವೆ ಬಿಳಿ ಜಾಲಿ ಮರ. ಮಾರ್ಚ್‌ನಲ್ಲಿ ನೋಡಿದರೆ ಇಲ್ಲೇನು ಚಿಟ್ಟೆ ಎನಿಸುತ್ತದೆ. ಬಣ್ಣವೆಂದರೆ ಬರೀ ಕಂದು.

ಒಂದೆರಡು ಮಳೆ ಬೀಳಲಿ. ಆಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ಬೇಲಿಯ ಪಕ್ಕ ನಿಲ್ಲಿ. ಬಿಳಿ ರೆಕ್ಕೆಯ, ತುದಿಯಲ್ಲಿ ಕಿತ್ತಳೆ ಬಣ್ಣದ ಚಿಟ್ಟೆ ನೆಲಕ್ಕೆ ಹತ್ತಿರವಾಗಿ ಅವಸರದಲ್ಲಿ ಹಾರಿ ಹೋಗುತ್ತದೆ. ಆಗಲೇ ಹೇಳಿದ ಇಂಗ್ಲಿಷ್ ಆರೆಂಜ್ ಟಿಪ್‌ನ ದಾಯಾದಿ ಇದು. ಅಲ್ಲಿ ಇರುವುದು ಒಂದೇ ಜಾತಿ. ಇಲ್ಲಿ ಅಣ್ಣತಮ್ಮಂದಿರು ಹಲವರು. ವೈಟ್ ಆರೆಂಜ್ ಟಿಪ್, ಯೆಲ್ಲೋ ಆರೆಂಜ್ ಟಿಪ್, ಪ್ಲೇನ್ ಆರೆಂಜ್ ಟಿಪ್. ತುದಿಗೆ ಕಡುಗೆಂಪು ಹಚ್ಚಿಕೊಂಡ ಕ್ರಿಮ್ಸನ್ ಟಿಪ್. ಹೆಚ್ಚಿನವಕ್ಕೆ ಒಣನೆಲವೇ ಇಷ್ಟ.

ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇಲ್ಲಿದೆ. ಇಂಗ್ಲೆಂಡಿನ ಆರೆಂಜ್ ಟಿಪ್ ಹುಳು ತಿನ್ನುವುದು ಸಾಸಿವೆ ಕುಟುಂಬದ ಗಿಡಗಳನ್ನು. ನಮ್ಮವು ತಿನ್ನುವುದು ಕ್ಯಾಪಾರಿಸ್, ಕಡಾಬ ಎಂಬ ಒಣಬೇಲಿಯ ಪೊದೆಗಳನ್ನು. ನೋಡಲು ಒಂದಕ್ಕೊಂದು ಸಂಬಂಧವಿಲ್ಲ. ಎಲೆ ಜಗಿದರೆ ಗೊತ್ತಾಗುತ್ತದೆ. ಎರಡರಲ್ಲೂ ಸಾಸಿವೆಯ ಘಾಟು ಕೊಡುವ ಒಂದೇ ಬಗೆಯ ರಾಸಾಯನಿಕ. ಬೇರೆ ಹುಳುಗಳಿಗೆ ಅದು ವಿಷ. ಈ ಕುಟುಂಬಕ್ಕೆ ಅದು ಊಟದ ಗುರುತು. ತಾಯಿ ಚಿಟ್ಟೆ ಕಾಲಿನಿಂದ ಎಲೆಯನ್ನು ಮುಟ್ಟಿ ಆ ರುಚಿ ಪತ್ತೆ ಮಾಡಿ ಮೊಟ್ಟೆ ಇಡುತ್ತದೆ. ಏಳೆಂಟು ಸಾವಿರ ಕಿಲೋಮೀಟರ್ ಅಂತರದಲ್ಲಿ ಒಂದೇ ಒಗ್ಗರಣೆ.

ಅದೇ ಬೇಲಿಯ ಬುಡದಲ್ಲಿ ಕೂತು ಹುಲ್ಲಿನ ಮಟ್ಟದಲ್ಲಿ ನೋಡಿ. ಗ್ರಾಸ್ ಜುವೆಲ್ ಎಂಬುದು ಸಿಗಬಹುದು. ನಮ್ಮ ದೇಶದ ಅತಿ ಪುಟ್ಟ ಚಿಟ್ಟೆಗಳಲ್ಲಿ ಒಂದು. ರೆಕ್ಕೆ ಬಿಚ್ಚಿದರೂ ಒಂದೂವರೆ ಸೆಂಟಿಮೀಟರ್. ಬಿಳಿ ಜಾಲಿ ಹೂ ಬಿಟ್ಟರೆ ಬಬೂಲ್ ಬ್ಲೂ ಎಂಬ ನೀಲಿ ಚಿಟ್ಟೆ ಮರದ ಸುತ್ತ ಸುಳಿಯುತ್ತದೆ. ಅದರ ಹುಳು ಬೆಳೆಯುವುದೂ ಜಾಲಿಯ ಮೇಲೆಯೇ. ಜನ ಬಂಜರು ಎಂದು ಕರೆಯುವ ಇಂಥ ನೆಲವನ್ನು ನೋಡಿದರೆ ಸರ್ಕಾರಕ್ಕೂ ಕಂಪನಿಗಳಿಗೂ ಗಿಡ ನೆಡುವ ಆಸೆ ಬರುತ್ತದೆ. ನನ್ನ ಕೇಳಿದರೆ ಬೇಡ ಎನ್ನುತ್ತೇನೆ. ಅಲ್ಲಿ ಇರಬೇಕಾದ್ದು ಆಗಲೇ ಇದೆ.

ಒಣನೆಲ ನೋಡಿದೆವು. ಮಳೆ ಬಿದ್ದ ಮೇಲೆ ಅಲ್ಲಿ ಕಿತ್ತಳೆ ತುದಿಯ ಚಿಟ್ಟೆಗಳು ಎದ್ದು ಬರುವುದನ್ನು ಹೇಳಿದೆ. ಈಗ ಅದಕ್ಕೆ ತದ್ವಿರುದ್ಧವಾದ ಜಾಗ. ಮಳೆ ಇಲ್ಲದಾಗಲೂ ನೀರು ಇರುವ ಜಾಗ.

ಊಟಿಯಿಂದ ಕೂನೂರು ದಾಟಿ ಇಳಿದರೆ ಬರ್ಲಿಯಾರ್, ಆಮೇಲೆ ಕಲ್ಲಾರ್. ನೀಲಗಿರಿಯ ಹಳೆಯ ರೈಲಿಗೆ ಹಲ್ಲುಗಂಬಿ ಶುರುವಾಗುವುದು ಕಲ್ಲಾರ್ ನಿಲ್ದಾಣದಿಂದ. ಕಲ್ಲಾರ್ ಹೊಳೆ ಅಲ್ಲಿ ಬೆಟ್ಟ ಬಿಟ್ಟು ಬಯಲಿಗೆ ಬರುತ್ತದೆ. ಮುಂದೆ ಭವಾನಿಯನ್ನು ಸೇರುತ್ತದೆ. ಸಿರುಮುಗೈಯ ಮಗ್ಗಗಳಿಂದ ಇದು ದೂರವಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಬಯಲೆಲ್ಲ ಕಾದಾಗ ಇಂಥ ಹೊಳೆಯ ಹಸಿ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಇಳಿಯುತ್ತವೆ. ಹಳದಿ ಎಮಿಗ್ರಂಟ್‌ಗಳು ಒಂದು ಕಡೆ. ಬಿಳಿಯ ಆಲ್ಬಟ್ರಾಸ್‌ಗಳು ಇನ್ನೊಂದು ಕಡೆ. ಕಪ್ಪು ರೆಕ್ಕೆಯ ನಡುವೆ ನೀಲಿ ಪಟ್ಟಿಯ ಬ್ಲೂಬಾಟಲ್‌ಗಳು ಮತ್ತೊಂದು ಕಡೆ. ಬಣ್ಣ ಬಣ್ಣವೇ ಗುಂಪು ಕಟ್ಟಿಕೊಂಡು ಕೂರುತ್ತವೆ. ರೆಕ್ಕೆ ಮುಚ್ಚಿ, ಸೊಂಡಿಲು ಚಾಚಿ, ಮರಳಿನಿಂದ ನೀರು ಹೀರುತ್ತವೆ. ನೀರು ನೆಪ. ಬೇಕಾದದ್ದು ಉಪ್ಪು. ಎಲೆಯಲ್ಲೂ ಹೂವಿನ ರಸದಲ್ಲೂ ಸೋಡಿಯಂ ಕಡಿಮೆ. ಹೀಗೆ ಕೂರುವವು ಹೆಚ್ಚಾಗಿ ಗಂಡುಗಳು. ಒಟ್ಟುಮಾಡಿದ ಉಪ್ಪನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ. ಅಲ್ಲಿಂದ ಅದು ಮೊಟ್ಟೆಗೆ ಹೋಗುತ್ತದೆ. ಆನೆ ಉಚ್ಚೆ ಹೊಯ್ದ ಜಾಗದಲ್ಲೂ ಇದೇ ಜಾತ್ರೆ. ಇದನ್ನು ಕಾವ್ಯದಲ್ಲಿ ಯಾರೂ ಬರೆಯಲಿಲ್ಲ.

ಆನೆಯ ಮಾತು ಬಂತು. ಕಲ್ಲಾರ್ ಆನೆಗಳು ಅತ್ತಿತ್ತ ದಾಟುವ ದಾರಿ. ತಗ್ಗಿ ಕೂತು ಚಿಟ್ಟೆಯ ಫೋಟೋ ತೆಗೆಯುವವನಿಗೆ ಹಿಂದೆ ಏನು ನಿಂತಿದೆ ಗೊತ್ತಾಗುವುದಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಡಿಗೆ ಕಾಲಿಡಬೇಡಿ. ರಸ್ತೆ ಬದಿಯಲ್ಲೇ ನೋಡಲು ಬೇಕಾದಷ್ಟಿದೆ.

ಅಲ್ಲಿ ತಲೆ ಎತ್ತಿ ನೋಡಿದರೆ ನಮ್ಮ ರಾಜ್ಯದವರು ಸಿಗಬಹುದು. ಸದರ್ನ್ ಬರ್ಡ್‌ವಿಂಗ್, ಕರ್ನಾಟಕದ ರಾಜ್ಯ ಚಿಟ್ಟೆ. ಮುಂದಿನ ರೆಕ್ಕೆ ಕಪ್ಪು. ಹಿಂದಿನದು ಹೊಳೆಯುವ ಅರಿಶಿನ ಬಣ್ಣ. ರೆಕ್ಕೆ ಬಿಚ್ಚಿದರೆ ಹತ್ತೊಂಬತ್ತು ಸೆಂಟಿಮೀಟರ್ ತನಕ, ಒಂದು ಗೇಣಿಗೆ ತುಸು ಕಡಿಮೆ. ಬ್ರಿಗೇಡಿಯರ್ ಇವಾನ್ಸ್ ಎಂಬ ಸೇನಾಧಿಕಾರಿ 1932ರಲ್ಲಿ ದಾಖಲಿಸಿದ ಒಂದು ಸದರ್ನ್ ಬರ್ಡ್‌ವಿಂಗ್, ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಹೆಸರನ್ನು ಸುಮಾರು 90 ವರ್ಷ ಉಳಿಸಿಕೊಂಡಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಕೆಲವೇ ಮಿಲಿಮೀಟರ್‌ನಿಂದ ಅದನ್ನು ಹಿಂದಿಕ್ಕಿತು. ತಮಿಳುನಾಡಿನ ರಾಜ್ಯ ಚಿಟ್ಟೆ ತಮಿಳ್ ಯೋಮನ್. 2019ರಲ್ಲಿ ಆಯ್ಕೆಯಾಯಿತು. ಕಿತ್ತಳೆ ಬಣ್ಣದ, ಬೆಟ್ಟದ ಕಾಡಿನ ಚಿಟ್ಟೆ. ಆನೆಮಲೆಯ ಕಡೆ ಹೋದವರಿಗೆ ಸಿಗುತ್ತದೆ.

ಒಂದು ಹೋಲಿಕೆ ಹೇಳಿ ಮುಂದೆ ಹೋಗುತ್ತೇನೆ. ಇಡೀ ಬ್ರಿಟನ್ನಿನಲ್ಲಿ ಸುಮಾರು 60 ಜಾತಿಯ ಚಿಟ್ಟೆಗಳು. ನಮ್ಮ ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು. ಆದರೂ ಅವರು ಆ ಅರವತ್ತನ್ನು ಬಲ್ಲಷ್ಟು ನಾವು ನಮ್ಮ ಮುನ್ನೂರನ್ನು ಬಲ್ಲೆವೇ? ಈ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ಇಲ್ಲಿಯವರೆಗೆ ಎರಡು ಜಾಗ ಆಯಿತು. ಮಳೆಗೆ ಕಾಯುವ ಒಣನೆಲ ಒಂದು. ಬೇಸಿಗೆಯಲ್ಲೂ ಹಸಿ ಇರುವ ಹೊಳೆದಂಡೆ ಇನ್ನೊಂದು. ಇವೆರಡನ್ನೂ ಬಿಟ್ಟು ಮೂರನೆಯ ಸಂಗತಿಗೆ ಬರೋಣ. ನಿಜ ಹೇಳಬೇಕೆಂದರೆ ನಾನು ಈ ಭಾಷಣ ಒಪ್ಪಿಕೊಂಡದ್ದೇ ಇದನ್ನು ಹೇಳಲು. ಕೆಲವು ಚಿಟ್ಟೆಗಳು ಮಳೆಗೆ ಕಾಯುವುದಿಲ್ಲ. ಮಳೆ ಹದವಾಗಿರುವ ಕಡೆಗೆ ತಾವೇ ಹೊರಡುತ್ತವೆ.

ಕೊಯಮತ್ತೂರಿನ ಅವಿನಾಶಿ ರಸ್ತೆಯನ್ನು ಊಹಿಸಿಕೊಳ್ಳಿ. ಲಾರಿ, ಬಸ್ಸು, ಜವಳಿ ಗಿರಣಿ, ಕಾಲೇಜು. ಬೆಳಗಿನ ಒಂಬತ್ತು ಗಂಟೆ. ರಸ್ತೆಯ ಒಂದು ಬದಿಯಿಂದ ಕಪ್ಪು ಚಿಟ್ಟೆಯೊಂದು ಬರುತ್ತದೆ. ರಸ್ತೆ ದಾಟುತ್ತದೆ. ಕಾಂಪೌಂಡು ಗೋಡೆ ಏರಿ ಆ ಕಡೆ ಇಳಿಯುತ್ತದೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಎರಡು. ಅರ್ಧ ಗಂಟೆ ನಿಂತರೂ ಮುಗಿಯುವುದಿಲ್ಲ. ಯಾವುದೂ ಹೂವಿನ ಬಳಿ ತಡೆಯುವುದಿಲ್ಲ. ಯಾವುದೂ ಹಿಂದಿರುಗುವುದಿಲ್ಲ. ಎಲ್ಲದರ ಮುಖ ಒಂದೇ ದಿಕ್ಕಿಗೆ. ಕಟ್ಟಡ ಅಡ್ಡ ಬಂದರೆ ಸುತ್ತಿ ಹೋಗುವುದು ಕಡಿಮೆ. ಮೇಲೆ ಹತ್ತಿ, ತಾರಸಿ ದಾಟಿ, ಆಚೆ ಇಳಿದು ಮತ್ತೆ ಅದೇ ದಿಕ್ಕು.

ಇವು ಯಾರು? ನಾಲ್ಕು ಜಾತಿ ಮುಖ್ಯ. ಡಾರ್ಕ್ ಬ್ಲೂ ಟೈಗರ್ ಮತ್ತು ಬ್ಲೂ ಟೈಗರ್. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೀರು ಮತ್ತು ಚುಕ್ಕೆ. ಮೊದಲನೆಯದರಲ್ಲಿ ಕಪ್ಪು ಹೆಚ್ಚು, ಎರಡನೆಯದರಲ್ಲಿ ನೀಲಿ ಹೆಚ್ಚು. ಇನ್ನೆರಡು ಕಾಮನ್ ಕ್ರೋ ಮತ್ತು ಡಬಲ್ ಬ್ರಾಂಡೆಡ್ ಕ್ರೋ. ಕಡುಕಂದು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆಗಳ ಸಾಲು. ಕಾಮನ್ ಕ್ರೋ ನಿಮ್ಮ ಮನೆಯ ಕಣಗಿಲೆ ಗಿಡದಲ್ಲೇ ಹುಟ್ಟಿರಬಹುದು. ಎಲೆಯ ಕೆಳಗೆ ಬೆಳ್ಳಿಯಂತೆ ಹೊಳೆಯುವ ಕೋಶ ನೋಡಿದ್ದೀರಾ? ಅದು ಇದರದೇ. ಈ ಬಂಧುಗಳೆಲ್ಲ ಹುಳುವಾಗಿದ್ದಾಗ ವಿಷದ ಹಾಲಿನ ಗಿಡ ತಿಂದು ಮೈಯಲ್ಲಿ ವಿಷ ಇಟ್ಟುಕೊಂಡವು. ಹಕ್ಕಿಗಳಿಗೆ ಇವು ಕಹಿ. ಅದಕ್ಕೇ ನಿಧಾನವಾಗಿ, ಹೆದರದೆ ಹಾರುತ್ತವೆ. ನೋಡುವವರಿಗೆ ಅನುಕೂಲವೇ.

ಈ ಪ್ರಯಾಣ ವರ್ಷಕ್ಕೆ ಎರಡು ಸಲ. ಏಪ್ರಿಲ್‌ನಿಂದ ಜೂನ್‌ವರೆಗೆ ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ. ಬೇಸಿಗೆ ಮಳೆಯ ನಂತರ, ಮುಂಗಾರು ಅಪ್ಪಳಿಸುವ ಮೊದಲು. ಮುಂಗಾರಿನಲ್ಲಿ ಘಟ್ಟದ ಮಳೆ ಜಡಿಮಳೆ. ಚಿಟ್ಟೆಗೆ ಹಾರಲಾಗದು. ಅದೇ ಹೊತ್ತಿನಲ್ಲಿ ಪೂರ್ವದ ಬಯಲು ಮತ್ತು ಸಣ್ಣ ಬೆಟ್ಟಗಳಿಗೆ ಹದವಾದ ಮಳೆ, ಹೊಸ ಚಿಗುರು. ಅಲ್ಲಿ ಮೊಟ್ಟೆ ಇಟ್ಟು ಮುಗಿಸುತ್ತವೆ. ಅಲ್ಲಿ ಹುಟ್ಟಿದ ಮರಿ ಪೀಳಿಗೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಪಶ್ಚಿಮಕ್ಕೆ ಹೊರಡುತ್ತದೆ. ಸೇಲಂ ಕಡೆಯ ಶೇರ್ವರಾಯನ್ ಬೆಟ್ಟ, ಕೊಲ್ಲಿಮಲೆ, ಪಚ್ಚೈಮಲೆಗಳ ದಿಕ್ಕಿನಿಂದ ನೂರಾರು ಕಿಲೋಮೀಟರ್. ಆಗ ಪೂರ್ವಕ್ಕೆ ಹಿಂಗಾರಿನ ಹೊಡೆತ, ಘಟ್ಟದ ಕಣಿವೆಗಳಲ್ಲಿ ತಂಪು. ಹೋದವು ಬರುವುದಿಲ್ಲ. ಬಂದವು ಹಿಂದೆ ಹೋಗಿ ನೋಡಿದವಲ್ಲ. ಸಿರುಮುಗೈಯವರ ಲಾಳಿ ಹಾಸಿನ ನಡುವೆ ಆಚೆ ಹೋಗಿ ಈಚೆ ಬರುವಂತೆ ಎರಡು ಮಳೆಗಾಲಗಳ ನಡುವೆ ಈ ಓಡಾಟ. ಪ್ರತಿ ಸಲವೂ ನೂಲು ಮಾತ್ರ ಹೊಸದು.

ಕೊಯಮತ್ತೂರು ಮತ್ತು ತಿರುಪ್ಪೂರು ಇರುವುದು ಈ ದಾರಿಯ ಮೇಲೆಯೇ. ದಸರಾ ಹೊತ್ತಿಗೆ ಅಲ್ಲಿ ದೇವಾಂಗದವರು ಚೌಡೇಶ್ವರಿಗೆ ಅಲಗು ಸೇವೆ ಮಾಡುತ್ತಾರೆ. ಕತ್ತಿ ಹಿಡಿದ ಮೆರವಣಿಗೆ ಬೀದಿಯಲ್ಲಿ ಸಾಗುತ್ತದೆ. ಅದೇ ದಿನಗಳಲ್ಲಿ ಮೆರವಣಿಗೆಯ ತಲೆಯ ಮೇಲಿಂದ ಈ ಇನ್ನೊಂದು ಸಾಲು ಪಶ್ಚಿಮಕ್ಕೆ ದಾಟುತ್ತಿರುತ್ತದೆ. ನನಗೆ ಪರಿಚಯದ ನೇಕಾರರೊಬ್ಬರಿಗೆ ಇದನ್ನು ತೋರಿಸಿದಾಗ, ಹುಡುಗರಾಗಿದ್ದಾಗಿನಿಂದಲೂ ಹಬ್ಬಕ್ಕೆ ಇವು ಬರುತ್ತವೆ, ಎಲ್ಲಿಗೆ ಹೋಗುತ್ತವೆಂದು ಕೇಳಿದವರೇ ಇಲ್ಲ ಎಂದರು.

ಕೇಳಿದವರು ಕೆಲವರಿದ್ದಾರೆ. ವಿಂಟರ್-ಬ್ಲೈತ್ ಎಂಬ ಇಂಗ್ಲಿಷ್ ಶಾಲಾ ಮೇಷ್ಟ್ರು ಭಾರತದ ಚಿಟ್ಟೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. 1957ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅದನ್ನು ಪ್ರಕಟಿಸಿತು. ಹಲವು ದಶಕ ಚಿಟ್ಟೆ ನೋಡುವವರ ಕೈಪಿಡಿ ಅದೇ. ಈಗ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿರುವ ಕೃಷ್ಣಮೇಘ ಕುಂಟೆಯವರು, ದಕ್ಷಿಣ ಭಾರತದ ಈ ಟೈಗರ್ ಮತ್ತು ಕ್ರೋ ಚಿಟ್ಟೆಗಳ ವಲಸೆಯ ಬಗ್ಗೆ 2005ರಲ್ಲಿ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಯಾವ ಜಾತಿ ಎಷ್ಟು, ಗಂಡೆಷ್ಟು ಹೆಣ್ಣೆಷ್ಟು, ಯಾವ ದಿಕ್ಕು ಎಂದು ಎಣಿಸಿ ನೋಡಿದ ಕೆಲಸ ಅದು. ಕೊಯಮತ್ತೂರಿನಲ್ಲೇ ದಿ ನೇಚರ್ ಅಂಡ್ ಬಟರ್‌ಫ್ಲೈ ಸೊಸೈಟಿ ಎಂಬ ಹವ್ಯಾಸಿಗಳ ಸಂಘವಿದೆ. ಕೆಲಸಕ್ಕೆ ಹೋಗುವ ಸಾಮಾನ್ಯ ಜನ ಸೇರಿ ಊರೂರಿನಿಂದ ವಲಸೆಯ ಸುದ್ದಿ ಕೂಡಿಸುತ್ತಾರೆ. ಯಾವ ಊರಿನಲ್ಲಿ ಯಾವ ದಿನ ಕಂಡವು, ಎತ್ತ ಹೋದವು, ನಿಮಿಷಕ್ಕೆ ಎಷ್ಟು. ದಾರಿಯ ನಕ್ಷೆ ಹೀಗೆ ಸ್ವಲ್ಪ ಸ್ವಲ್ಪವಾಗಿ ತುಂಬುತ್ತಿದೆ.

ವಲಸೆಯ ನಡುವೆ ಈ ಚಿಟ್ಟೆಗಳು ಎಲ್ಲಾದರೂ ನಿಂತರೆ, ಸೆಣಬಿನ ಜಾತಿಯ ಗಿಡದ ಬಳಿ ನಿಲ್ಲುತ್ತವೆ. ಒಣಗಿದ ಕಾಯಿ ಅಲುಗಿಸಿದರೆ ಗಿಲಿಗಿಲಿ ಸದ್ದು ಮಾಡುತ್ತದಲ್ಲ, ಅದೇ ಗಿಡ. ಹೂವಿಗೆ ಬಾಯಿ ಇಡದೆ ಕಾಂಡ, ಎಲೆಯನ್ನೇ ಕೆರೆದು ಹೀರುತ್ತವೆ. ಹೆಣ್ಣನ್ನು ಸೆಳೆಯುವ ಸುಗಂಧಕ್ಕೆ ಬೇಕಾದ ಸರಕು ಗಂಡಿಗೆ ಸಿಗುವುದು ಅಲ್ಲಿಂದ. ನಿಮ್ಮ ಹೊಲದ ಬದುವಿನಲ್ಲಿ ಈ ಗಿಡ ಕಳೆಯಾಗಿ ಬೆಳೆದಿದ್ದರೆ ಒಂದು ಮೂಲೆಯಲ್ಲಿ ಬಿಡಿ.

ಮಳೆ, ಚಿಗುರು, ವಲಸೆ ಮೂರೂ ಆಯಿತು. ಈಗ ಊರೊಳಗಿನ ಮಾತು. ಬೇಗ ಮುಗಿಸುತ್ತೇನೆ.

ನೊಯ್ಯಲ್ ನದಿಯ ನೀರು ತುಂಬುವ ಕೆರೆಗಳ ಸಾಲು ಕೊಯಮತ್ತೂರಿನಲ್ಲಿದೆ. ಉಕ್ಕಡಂ, ಕುರಿಚ್ಚಿ, ಸಿಂಗಾನಲ್ಲೂರು, ವೆಳ್ಳಲೂರು. ನಗರದ ಕಸವೆಲ್ಲ ಹೋಗುವ ವೆಳ್ಳಲೂರಿನಲ್ಲೇ ಸ್ವಯಂಸೇವಕರು ಕೆರೆ ತೋಡಿ, ದಂಡೆಯಲ್ಲಿ ಮರ ನೆಟ್ಟು, ಚಿಟ್ಟೆ ಉದ್ಯಾನ ಮಾಡಿದ್ದಾರೆ. ಕಸದ ಬೆಟ್ಟದ ಮಗ್ಗುಲಲ್ಲಿ ಚಿಟ್ಟೆ. ತಿರುಪ್ಪೂರಿನ ನಂಜರಾಯನ್ ಕೆರೆ ಪಕ್ಷಿಧಾಮ. 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿ ನೋಡಲು ಹೋದವರು ಏರಿಯ ಮೇಲಿನ ಎಕ್ಕದ ಗಿಡವನ್ನೂ ಒಮ್ಮೆ ನೋಡಿ. ಚಿಟ್ಟೆ ಉದ್ಯಾನ ಎಂದು ಹೇಳಿಕೊಂಡು ಬರೀ ಹೂವಿನ ಗಿಡ ನೆಡುವ ಜಾಗಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಅದು ಬಂದವರಿಗೆ ಪಾನಕ ಕೊಟ್ಟು, ಹೆರಿಗೆಗೆ ಜಾಗವಿಲ್ಲ ಎಂದು ಬಾಗಿಲು ಹಾಕಿದ ಮನೆ. ಈಶ್ವರ ಬಳ್ಳಿ, ಕಕ್ಕೆ, ಕಣಗಿಲೆ, ಎಕ್ಕ ಇರಬೇಕು.

ಕಾರಮಡೈ, ಮೇಟ್ಟುಪಾಳಯದ ಸುತ್ತ ಎಕರೆಗಟ್ಟಲೆ ಕರಿಬೇವಿನ ತೋಟಗಳಿವೆ. ಅಲ್ಲಿನ ಸೊಪ್ಪು ದೂರದೂರಿಗೆ ಹೋಗುತ್ತದೆ. ಕಾಮನ್ ಮಾರ್ಮನ್‌ಗೆ ಅದು ಸ್ವರ್ಗವಾಗಬೇಕಿತ್ತು. ಆದರೆ ಎಲೆಯೇ ಬೆಳೆಯಾದಾಗ ಎಲೆ ತಿನ್ನುವ ಹುಳುವಿಗೆ ಔಷಧಿ ಬೀಳುತ್ತದೆ. ರೈತನನ್ನು ದೂರಿ ಫಲವಿಲ್ಲ. ತೂತು ಬಿದ್ದ ಸೊಪ್ಪನ್ನು ನೀವೂ ಕೊಳ್ಳುವುದಿಲ್ಲ, ನಾನೂ ಕೊಳ್ಳುವುದಿಲ್ಲ. ಹಿತ್ತಿಲಿನ ಕರಿಬೇವಿನಲ್ಲಾದರೂ ಹಕ್ಕಿ ಹಿಕ್ಕೆಯ ಬಣ್ಣದ ಮರಿಹುಳು ಕಂಡರೆ ಕೀಳಬೇಡಿ. ದೊಡ್ಡದಾದ ಮೇಲೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ. ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ. 2018ರಲ್ಲಿ ತೆರೆದ ಕೀಟ ಸಂಗ್ರಹಾಲಯ ಅಲ್ಲಿದೆ.

ಆಗಲೇ ಒಂದು ಪ್ರಶ್ನೆ ಬಾಕಿ ಇಟ್ಟಿದ್ದೆ. ಅವರ ಅರವತ್ತು, ನಮ್ಮ ಮುನ್ನೂರು. ಬ್ರಿಟನ್ನಿನಲ್ಲಿ 1976ರಿಂದ ಒಂದು ಗಣತಿ ನಡೆದಿದೆ. ಹವ್ಯಾಸಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆಯುತ್ತಾರೆ. ಮೈಸುತ್ತ ಐದು ಮೀಟರ್ ಅಗಲದ ಒಂದು ಚೌಕ ಊಹಿಸಿಕೊಂಡು, ಅದರೊಳಗೆ ಬಂದದ್ದನ್ನು ಮಾತ್ರ ಎಣಿಸುತ್ತಾರೆ. ಅಷ್ಟೇ ಕೆಲಸ. ಆ ಲೆಕ್ಕವಿದ್ದುದರಿಂದಲೇ, 1970ರ ದಶಕದಿಂದೀಚೆಗೆ ಅಲ್ಲಿನ ಐದು ಜಾತಿಗಳಲ್ಲಿ ನಾಲ್ಕು ಕುಗ್ಗಿವೆ ಎಂದು ಅವರು ಖಚಿತವಾಗಿ ಹೇಳಬಲ್ಲರು. ನಮ್ಮಲ್ಲಿ ಮೊದಲಿನಷ್ಟು ಚಿಟ್ಟೆ ಇಲ್ಲ ಎಂದು ಎಲ್ಲರೂ ಹೇಳುತ್ತೇವೆ. ಮೊದಲು ಎಷ್ಟಿತ್ತು ಎಂದರೆ ಮುಖ ಮುಖ ನೋಡುತ್ತೇವೆ. 2020ರಿಂದ ಸೆಪ್ಟೆಂಬರ್ ತಿಂಗಳನ್ನು ದೇಶದಾದ್ಯಂತ ಚಿಟ್ಟೆ ತಿಂಗಳೆಂದು ಎಣಿಸಲು ಶುರು ಮಾಡಿದ್ದೇವೆ. ಒಳ್ಳೆಯದೇ. ಆದರೆ ಒಂದು ತಿಂಗಳು ಸಾಲದು. ಸೆಪ್ಟೆಂಬರ್ ಒಂದನ್ನೇ ಎಣಿಸಿದರೆ ಭರಣಿ ಮಳೆಯ ಕಥೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನ ನಿಯಮ ಹಾಗೇ ತಂದರೂ ಇಲ್ಲಿ ಆಗದು. 13 ಡಿಗ್ರಿಯ ಬದಲು ನಮ್ಮ ನಿಯಮ ಬೇರೆ ಇರಲಿ. ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಹೋಗಿ. ಹಿಂದಿನ ಮಳೆ ಯಾವಾಗ ಬಿತ್ತು ಎಂದು ಮೊದಲ ಸಾಲಿನಲ್ಲಿ ಬರೆಯಿರಿ. ಮನೆ ಹತ್ತಿರದ ಒಂದು ಬೇಲಿ, ಒಂದು ಕೆರೆ ಏರಿ, ಒಂದು ಹೊಲದ ಬದು ಆರಿಸಿಕೊಳ್ಳಿ. ವಾರವಾರವೂ ಅದೇ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ. ವಲಸೆಯ ಅನುಮಾನವಿದ್ದರೆ ಐದು ನಿಮಿಷ ಅಲುಗಾಡದೆ ನಿಂತು, ಒಂದೇ ದಿಕ್ಕಿಗೆ ಎಷ್ಟು ದಾಟಿದವು ಎಣಿಸಿ. ಏನೂ ಕಾಣದ ದಿನ ಪುಸ್ತಕ ಮುಚ್ಚಿ ಬರಬೇಡಿ, ಸೊನ್ನೆ ಎಂದು ಬರೆದು ಬನ್ನಿ. ಸೊನ್ನೆ ಬರೆಯದವನ ಲೆಕ್ಕದಲ್ಲಿ ಚಿಟ್ಟೆ ಎಂದೂ ಕಡಿಮೆಯಾಗುವುದಿಲ್ಲ. ದಿನಾಂಕ, ಹೊತ್ತು, ಊರಿನ ಹೆಸರು ಇರಲಿ, ಹಾರಿದ ದಿಕ್ಕು ಇರಲಿ. ಕೊಯಮತ್ತೂರಿನ ಸಂಘದವರಿಗೆ ಇಂಥ ಸುದ್ದಿ ಗಡಿಯಾಚೆಯಿಂದಲೂ ಬೇಕು. ಏಪ್ರಿಲ್‌ನಲ್ಲಿ ಚಾಮರಾಜನಗರದವರು, ಅಕ್ಟೋಬರ್‌ನಲ್ಲಿ ಕೊಳ್ಳೇಗಾಲದವರು ಬರೆದಿಟ್ಟರೆ, ದಿಂಬಂನ ಈಚೆಗೂ ಈ ದಾರಿ ಇದೆಯೇ ಎಂಬುದು ಗೊತ್ತಾಗುತ್ತದೆ.